ಬಾಯಿ ಹೇಳಿದ್ದು, ಕೈ ಆರಿಸಿದ್ದು

ಫೆಬ್ರವರಿ ಬಂತೆಂದರೆ ನಮ್ಮ ಸ್ವಾನ್ ವ್ಯಾಲಿಯ ರಸ್ತೆ ಬದಿಯಲ್ಲಿ ದ್ರಾಕ್ಷಿ ಅಂಗಡಿಗಳು ಏಳುತ್ತವೆ. ಪರ್ತ್ ನಗರದಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ನೂಂಗಾರ್ ಜನರ ನೆಲವಾಗಿದ್ದ ಈ ಹೊಳೆಯ ಬಯಲಿನಲ್ಲಿ, 1829ರಲ್ಲಿ ಬ್ರಿಟಿಷರು ವಸಾಹತು ಹೂಡಿದ ಕಾಲದಿಂದಲೇ ದ್ರಾಕ್ಷಿ ಬಳ್ಳಿ ನೆಡುತ್ತ ಬಂದಿದ್ದಾರೆ. ಆಮೇಲೆ ಕ್ರೊಯೇಷಿಯಾದ ಕಡೆಯಿಂದ ಬಂದ ಕುಟುಂಬಗಳು ಆ ತೋಟಗಳನ್ನು ಬೆಳೆಸಿದವು. ನಾನು ಇಲ್ಲಿಗೆ ಬಂದು ಹದಿನಾರು ವರ್ಷವಾಯಿತು. ಬಿ.ಕಾಂ. ಮಾಡಿ, ಸಿ.ಎ. ಮುಗಿಸಿ, ಬೆಂಗಳೂರಿನಲ್ಲಿ ಆಡಿಟ್ ಕೆಲಸ ಮಾಡಿಕೊಂಡಿದ್ದವನು. ಇತಿಹಾಸ ಬರೆಯುವುದು ನನ್ನ ಕಸುಬಲ್ಲ. ಆದರೆ ನನ್ನಿಂದಾದ ಒಂದು ತಪ್ಪಿನ ಬೆನ್ನು ಹತ್ತಿ ಹೋದಾಗ ಒಂದು ಇತಿಹಾಸ ಕೈಗೆ ಸಿಕ್ಕಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ತಪ್ಪು ಇಷ್ಟೇ. ತುಮಕೂರು ಕಡೆಯ ನನ್ನ ಗೆಳೆಯನೊಬ್ಬನಿಗೆ ಕೆಲವು ವರ್ಷಗಳ ಹಿಂದೆ ಊರಿನಿಂದ ಸಾವಯವ ರಾಗಿ ಹಿಟ್ಟು ತರಿಸಿ ಇಲ್ಲಿನ ಕನ್ನಡಿಗರಿಗೆ ಮಾರುವ ಆಸೆ ಹುಟ್ಟಿತು. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಿನ ಪರಿಚಯದವರಿಗೆಲ್ಲ ಫೋನ್ ಮಾಡಿದ. ಕೇಳಿದ್ದು ಒಂದೇ ಪ್ರಶ್ನೆ: "ನಮ್ಮೂರಿನ ಸಾವಯವ ರಾಗಿ ಹಿಟ್ಟು ಸಿಕ್ಕರೆ, ಅಂಗಡಿಯದಕ್ಕಿಂತ ಎರಡು ಡಾಲರ್ ಜಾಸ್ತಿ ಆದ್ರೂ ತಗೋತೀರಾ?" ಎಲ್ಲರದ್ದೂ ಒಂದೇ ಉತ್ತರ: "ಅಯ್ಯೋ, ಖಂಡಿತ!" ಆ 'ಖಂಡಿತ'ಗಳನ್ನು ಎಣಿಸಿ, ಮನೆಗೆ ತಿಂಗಳಿಗೆ ಎರಡು ಕಿಲೋ ಎಂದು ಗುಣಿಸಿ, ಮೂರು ವರ್ಷದ ಆದಾಯ–ವೆಚ್ಚದ ಪಟ್ಟಿ ಮಾಡಿಕೊಟ್ಟವನು ನಾನು. ಆ ಪಟ್ಟಿ ಹಿಡಿದು ಅವನು ಮನೆಯ ಮೇಲೆ ಸಾಲ ತೆಗೆದ. ಮೊದಲ ಸಲ ಎಲ್ಲರೂ ಸ್ನೇಹಕ್ಕೆ ಒಂದೊಂದು ಚೀಲ ಕೊಂಡರು. ಎರಡನೆಯ ಸಲ ಯಾರೂ ಬರಲಿಲ್ಲ. ಬೇಸಿಗೆಯಲ್ಲಿ ನನ್ನ ಗ್ಯಾರೇಜಿನಲ್ಲಿದ್ದ ಡಬ್ಬಗಳಿಗೆ ಹುಳು ಬಿತ್ತು.

ಆಡಿಟ್‌ನಲ್ಲಿ ಮೊದಲು ಕಲಿಸುವ ಪಾಠವೆಂದರೆ ಹೇಳಿಕೆಯೇ ಸಾಕ್ಷಿಯಲ್ಲ. ಗೋದಾಮಿನಲ್ಲಿ ಸಾವಿರ ಮೂಟೆ ಇದೆ ಎಂದು ಮಾಲೀಕರು ಹೇಳಿದರೆ, ಹೋಗಿ ಎಣಿಸಬೇಕು. ಇಷ್ಟು ಗೊತ್ತಿದ್ದ ನಾನು, ಫೋನಿನಲ್ಲಿ ಬಂದ ಒಂದು ಮಾತನ್ನು ಬರಬೇಕಾದ ಬಾಕಿ ಎಂಬಂತೆ ಲೆಕ್ಕಕ್ಕೆ ಹಿಡಿದಿದ್ದೆ. ಅವರು ಯಾರೂ ಸುಳ್ಳು ಹೇಳಿರಲಿಲ್ಲ. ದಾಕ್ಷಿಣ್ಯಕ್ಕೆ ಹೇಳಿದ್ದರು. ದಾಕ್ಷಿಣ್ಯವನ್ನು ಆಸ್ತಿಯ ಕಾಲಮಿನಲ್ಲಿ ಬರೆದವನು ನಾನು.

ಹಾಗಾದರೆ ಜನ ಏನು ತಿನ್ನಲು ಬಯಸುತ್ತಾರೆ, ಅದಕ್ಕೆ ಎಷ್ಟು ಕೊಡುತ್ತಾರೆ ಎಂದು ಮೊದಲೇ ತಿಳಿಯುವ ದಾರಿ ಇಲ್ಲವೇ? ಇದೆ. ಅದಕ್ಕೆ ಆಯ್ಕೆ ಪ್ರಯೋಗ ಎನ್ನುತ್ತಾರೆ. ಇಷ್ಟವೇ ಎಂದು ಕೇಳುವುದಿಲ್ಲ. ಎರಡು ಮೂರು ವಸ್ತುಗಳನ್ನು ಬೆಲೆಯ ಸಮೇತ ಮುಂದಿಟ್ಟು, ಒಂದನ್ನು ಆರಿಸಿ ಎನ್ನುತ್ತಾರೆ. ಕೇಳಲು ಸರಳವಾಗಿರುವ ಈ ವಿಧಾನ ರೂಪುಗೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಅದರಲ್ಲಿ ನಮ್ಮ ನಾಡಿನ ಒಂದು ಊರಿಗೂ, ಈ ದೇಶದ ಒಂದೆರಡು ಊರಿಗೂ ಪಾಲಿದೆ.

ಮೊದಲ ಹೆಜ್ಜೆ ಇಟ್ಟವರು ಷಿಕಾಗೋದ ಮನಶ್ಶಾಸ್ತ್ರಜ್ಞ ಲೂಯಿ ಥರ್ಸ್ಟನ್. ಒಂದು ವಸ್ತು ಎಷ್ಟು ಇಷ್ಟ ಎಂದು ಕೇಳಿದರೆ ಮನುಷ್ಯ ತಡವರಿಸುತ್ತಾನೆ, ಎರಡರಲ್ಲಿ ಯಾವುದು ಹೆಚ್ಚು ಇಷ್ಟ ಎಂದರೆ ಬೇಗ ಹೇಳುತ್ತಾನೆ. ಇಂಥ ಹೋಲಿಕೆಗಳನ್ನು ಕಲೆಹಾಕಿ ಮನಸ್ಸಿನ ಒಲವಿಗೆ ಅಳತೆಗೋಲು ಮಾಡಬಹುದೆಂದು ಅವರು 1927ರಲ್ಲಿ ತೋರಿಸಿದರು. 1931ರಲ್ಲಿ ಟೋಪಿ, ಬೂಟು, ಕೋಟುಗಳನ್ನು ಇಟ್ಟುಕೊಂಡು, ಇಷ್ಟು ಟೋಪಿ ಇಷ್ಟು ಬೂಟು ಬೇಕೋ ಅಥವಾ ಅಷ್ಟು ಟೋಪಿ ಅಷ್ಟು ಬೂಟು ಬೇಕೋ ಎಂದು ಕೇಳುವ ಪ್ರಯೋಗವನ್ನೂ ಪ್ರಕಟಿಸಿದರು. ಅರ್ಥಶಾಸ್ತ್ರಜ್ಞರು ಇದನ್ನು ಅಷ್ಟಾಗಿ ಒಪ್ಪಲಿಲ್ಲ. 1938ರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ಬರೆದ ಮೇಲಂತೂ ಅವರ ಹಾದಿ ಬೇರೆಯಾಯಿತು. ಜನ ಹೇಳುವುದು ಬೇಡ, ಕೊಂಡದ್ದನ್ನು ನೋಡೋಣ ಎಂಬುದು ಆ ಹಾದಿ. ಆಡಿಟರ್‌ಗೆ ಒಪ್ಪುವ ಮಾತೇ. ಆದರೆ ಅಂಗಡಿಗೆ ಇನ್ನೂ ಬಾರದ ವಸ್ತುವನ್ನು ಯಾರೂ ಕೊಂಡಿರುವುದಿಲ್ಲವಲ್ಲ! ನನ್ನ ಗೆಳೆಯನ ಹಿಟ್ಟಿನ ತೊಡಕೂ ಅದೇ ಆಗಿತ್ತು.

ಎರಡನೆಯ ಹೆಜ್ಜೆ ಚಹಾದ ಬಟ್ಟಲಿನಿಂದ ಬಂತು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಬಟ್ಟಲಿಗೆ ಮೊದಲು ಹಾಲು ಹಾಕಿದ್ದೋ ಚಹಾ ಹಾಕಿದ್ದೋ ಎಂದು ಕುಡಿದೇ ಹೇಳಬಲ್ಲೆ ಎಂದರಂತೆ. ಅಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಆ ಮಾತನ್ನು ನಗೆಯಲ್ಲಿ ತೇಲಿಸಲಿಲ್ಲ. ಎಂಟು ಬಟ್ಟಲು; ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಚಹಾ ಮೊದಲು; ಯಾವ ಕ್ರಮದಲ್ಲಿ ಕೊಡಬೇಕೆಂಬುದನ್ನು ಅದೃಷ್ಟಕ್ಕೆ ಬಿಡಬೇಕು. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆ 70 ಇರುವುದರಿಂದ, ಸುಮ್ಮನೆ ಊಹಿಸಿ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ಕ್ಕೆ ಒಂದು. ಪ್ರಯೋಗಗಳ ವಿನ್ಯಾಸದ ಬಗ್ಗೆ 1935ರಲ್ಲಿ ಬಂದ ಅವರ ಪುಸ್ತಕದಲ್ಲಿ ಈ ಚಹಾ ಪ್ರಸಂಗವೇ ಮೊದಲ ಉದಾಹರಣೆ. ಪ್ರಶ್ನೆ ಕೇಳುವ ಮೊದಲೇ, ಉತ್ತರ ಯಾವುದನ್ನು ಸಾಬೀತು ಮಾಡಬಲ್ಲದು ಎಂಬುದನ್ನು ಕಟ್ಟಿಕೊಳ್ಳಬೇಕು ಎಂಬುದು ಅದರ ತಿರುಳು. ಇದೇ ಫಿಶರ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಅಡಿಲೇಡಿನಲ್ಲಿ. 1962ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಚಿತಾಭಸ್ಮ ಸೇಂಟ್ ಪೀಟರ್ಸ್ ಕ್ಯಾಥೆಡ್ರಲ್‌ನಲ್ಲಿದೆ.

ಫಿಶರ್ ಕೇಂಬ್ರಿಜ್‌ನಲ್ಲಿದ್ದಾಗ ಅವರ ಬಳಿ ಪಿಎಚ್.ಡಿ. ಮಾಡಿದ ಒಬ್ಬರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು ಎಂದರೆ ಓದುಗರಲ್ಲಿ ಎಷ್ಟು ಜನ ಅಚ್ಚರಿಪಡುತ್ತೀರೋ! ನಾನಂತೂ ಪಟ್ಟೆ. ಸಿ. ಆರ್. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಹಡಗಲಿಯಲ್ಲಿ. ತೆಲುಗು ಮನೆಮಾತಿನ ಕುಟುಂಬ. ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. ಎಂಟನೆಯ ಮಗುವಾದ್ದರಿಂದ ಕೃಷ್ಣನ ಹೆಸರು ಸೇರಿಸಿ ರಾಧಾಕೃಷ್ಣ ಎಂದು ಕರೆದರು. ವರ್ಗಾವಣೆಯ ಮೇಲೆ ವರ್ಗಾವಣೆಯಾಗಿ ಕುಟುಂಬ ಆಂಧ್ರದ ಊರುಗಳಿಗೆ ಹೋಯಿತು. ಹುಡುಗ ಮುಂದೆ ಮಹಲನೋಬಿಸ್ ಅವರ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದ. 2023ರ ಆಗಸ್ಟ್‌ನಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಜಗತ್ತಿನ ಸಂಖ್ಯಾಶಾಸ್ತ್ರಜ್ಞರ ಮೊದಲ ಸಾಲಿನಲ್ಲಿದ್ದರು.

ರಾವ್ ಅವರ ಹಲವು ಕಾಣಿಕೆಗಳಲ್ಲಿ ನಮ್ಮ ಕಥೆಗೆ ಬೇಕಾದದ್ದು 1940ರ ದಶಕದ ಒಂದು ಕೆಲಸ. ಅದನ್ನು ರಾಗಿ ಹಿಟ್ಟಿನಲ್ಲೇ ವಿವರಿಸುತ್ತೇನೆ. ಒಂದು ಕಿಲೋ ಹಿಟ್ಟಿನ ಪೊಟ್ಟಣಕ್ಕೆ ನಾಲ್ಕು ಗುಣ ಎಂದಿಟ್ಟುಕೊಳ್ಳಿ. ಬೆಲೆ: ನಾಲ್ಕು, ಆರು, ಎಂಟು ಡಾಲರ್. ಮೂಲ: ಕರ್ನಾಟಕ, ಆಸ್ಟ್ರೇಲಿಯಾ, ಹೇಳಿಲ್ಲ. ಸಾವಯವ: ಪ್ರಮಾಣಪತ್ರ ಇದೆ, ಬರೀ ಮಾತು ಇದೆ, ಏನೂ ಇಲ್ಲ. ಪೊಟ್ಟಣ: ಪ್ಲಾಸ್ಟಿಕ್, ಕಾಗದ, ಬಟ್ಟೆಚೀಲ. ಮೂರನ್ನು ನಾಲ್ಕು ಸಲ ಗುಣಿಸಿದರೆ 81 ಬಗೆಯ ಪೊಟ್ಟಣಗಳಾದವು. 81ನ್ನು ನೋಡಿ ಉತ್ತರ ಹೇಳುವ ತಾಳ್ಮೆ ಯಾರಿಗಿದೆ? ರಾವ್ ರೂಪಿಸಿದ ಬಗೆಯ ಜೋಡಣೆಯಲ್ಲಿ ಒಂಬತ್ತೇ ಪೊಟ್ಟಣ ಸಾಕು. ಆ ಒಂಬತ್ತರಲ್ಲಿ ಯಾವ ಎರಡು ಗುಣಗಳನ್ನು ತೆಗೆದುಕೊಂಡರೂ, ಅವುಗಳ ಒಂಬತ್ತು ಜೋಡಿಗಳೂ ಒಂದೊಂದು ಸಲ ಬಂದಿರುತ್ತವೆ. ಎಂಟು ಡಾಲರಿನದ್ದು ಕರ್ನಾಟಕದ್ದೂ ಇದೆ, ಆಸ್ಟ್ರೇಲಿಯಾದ್ದೂ ಇದೆ, ಹೇಳದೇ ಇರುವುದೂ ಇದೆ. ಹೀಗೆ ತೂಗಿ ಇಟ್ಟಿರುವುದರಿಂದ ಬೆಲೆಯ ಪ್ರಭಾವ ಎಷ್ಟು, ಊರಿನ ಹೆಸರಿನ ಪ್ರಭಾವ ಎಷ್ಟು ಎಂದು ಬೇರೆ ಬೇರೆ ಮಾಡಿ ತೆಗೆಯಬಹುದು. ಒಂದಕ್ಕೊಂದು ಬೆರೆತಾಗ ಆಗುವ ವಿಶೇಷ ಪರಿಣಾಮ ಮಾತ್ರ ಈ ಒಂಬತ್ತರಲ್ಲಿ ಸಿಗುವುದಿಲ್ಲ. 72 ಪೊಟ್ಟಣ ಉಳಿಸಿದ್ದಕ್ಕೆ ತೆರುವ ಬೆಲೆ ಅದು. ಹೊಲದ ಗೊಬ್ಬರದ ಪ್ರಯೋಗಕ್ಕೂ ಕಾರ್ಖಾನೆಯ ಗುಣಮಟ್ಟ ಪರೀಕ್ಷೆಗೂ ಬಳಕೆಯಾದ ಈ ಜೋಡಣೆ, ಮುಂದೆ ಗ್ರಾಹಕರ ಕೈಗೆ ಕೊಡುವ ಕಾರ್ಡುಗಳಿಗೂ ಅಡಿಪಾಯವಾಯಿತು.

ಆದರೆ ವಸ್ತುವನ್ನು ಹೀಗೆ ಗುಣಗಳಾಗಿ ಬಿಡಿಸಬಹುದು ಎಂದು ಅರ್ಥಶಾಸ್ತ್ರ ಒಪ್ಪಬೇಕಲ್ಲ. ಒಪ್ಪಿಸಿದವರು ಸಿಡ್ನಿಯಲ್ಲಿ ಹುಟ್ಟಿದ ಕೆಲ್ವಿನ್ ಲ್ಯಾಂಕಾಸ್ಟರ್. ಜನಕ್ಕೆ ಬೇಕಾದದ್ದು ವಸ್ತುವಲ್ಲ, ಅದರಲ್ಲಿರುವ ಗುಣಗಳು ಎಂದು 1966ರಲ್ಲಿ ಅವರು ಬರೆದರು. ನಮ್ಮ ಅಜ್ಜಿಗೆ ಇದನ್ನು ಹೇಳಿದ್ದರೆ "ಇದಕ್ಕೂ ಪುಸ್ತಕ ಬೇಕಾ?" ಎನ್ನುತ್ತಿದ್ದರು. ಸಂತೆಯಲ್ಲಿ ಬದನೆಕಾಯಿ ಕೈಗೆತ್ತಿಕೊಂಡರೆ ತೊಟ್ಟು ನೋಡಿ, ಹೊಳಪು ನೋಡಿ, ಅದುಮಿ ನೋಡಿ, ಆಮೇಲೆ ಬೆಲೆ ಕೇಳುತ್ತಿದ್ದರು. ಉಡುಪಿಯವರಾದರೆ ಅದು ಮಟ್ಟು ಊರಿನ ಗುಳ್ಳವೋ ಅಲ್ಲವೋ ಎಂದು ಮೊದಲು ಕೇಳುತ್ತಾರೆ. ವಾದಿರಾಜ ಗುರುಗಳು ಬೀಜ ಕೊಟ್ಟರೆಂಬ ನಂಬಿಕೆಯೂ ಆ ಕಾಯಿಯ ಒಂದು ಗುಣವೇ, ತೂಕದಲ್ಲಿ ಸಿಗದಿದ್ದರೂ ಬೆಲೆಯಲ್ಲಿ ಸಿಗುತ್ತದೆ. ನಮ್ಮ ಸ್ವಾನ್ ವ್ಯಾಲಿಯಲ್ಲೂ ಇಂಥದ್ದೇ ಒಂದು ಕಥೆ ಇದೆ. ಹೌಟನ್ ಎಂಬ ಹಳೆಯ ತೋಟದಲ್ಲಿ ಜ್ಯಾಕ್ ಮ್ಯಾನ್ 1937ರಲ್ಲಿ ಮಾಡಿದ ಬಿಳಿ ವೈನ್ 'ವೈಟ್ ಬರ್ಗಂಡಿ' ಎಂಬ ಹೆಸರಿನಲ್ಲಿ ದೇಶವಿಡೀ ಮನೆಮಾತಾಯಿತು. ಬರ್ಗಂಡಿ ಫ್ರಾನ್ಸಿನ ಸೀಮೆ. ಯುರೋಪಿನೊಂದಿಗೆ ಒಪ್ಪಂದವಾದ ಮೇಲೆ ಆ ಹೆಸರು ಬಿಟ್ಟು 'ವೈಟ್ ಕ್ಲಾಸಿಕ್' ಎಂದು ಬದಲಾಯಿಸಬೇಕಾಯಿತು. ಒಂದು ಹೆಸರಿಗಾಗಿ ದೇಶಗಳೇ ಕರಾರು ಮಾಡಿಕೊಳ್ಳುತ್ತವೆಂದರೆ ಅದೂ ಒಂದು ಗುಣವಲ್ಲದೆ ಮತ್ತೇನು?

ಇನ್ನು ಉಳಿದದ್ದು ಲೆಕ್ಕ. ಅದನ್ನು ಕೊಟ್ಟವರು ಕ್ಯಾಲಿಫೋರ್ನಿಯಾದ ಡೇನಿಯಲ್ ಮೆಕ್‌ಫ್ಯಾಡನ್. ಒಬ್ಬ ಮನುಷ್ಯ ಹಲವು ಆಯ್ಕೆಗಳಲ್ಲಿ ಒಂದನ್ನು ಆರಿಸುವ ಸಂಭವವನ್ನು ಗುಣಗಳ ತೂಕದಿಂದ ಕಂಡುಹಿಡಿಯುವ ಸೂತ್ರವನ್ನು 1974ರಲ್ಲಿ ಪ್ರಕಟಿಸಿದರು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಊರುಗಳಿಗೆ ಹೊಸ ರೈಲು ಬರುವುದಿತ್ತು. ಕೆಲಸಕ್ಕೆ ಹೋಗುವವರಲ್ಲಿ ಶೇ. 6.3ರಷ್ಟು ಜನ ಅದನ್ನು ಹತ್ತುತ್ತಾರೆ ಎಂದು ಅವರ ಲೆಕ್ಕ ಹೇಳಿತು. ನಿಜವಾಗಿ ಹತ್ತಿದವರು ಶೇ. 6.2. 2000ದಲ್ಲಿ ಅವರಿಗೆ ನೊಬೆಲ್ ಬಂತು. ಆ ಲೆಕ್ಕಕ್ಕೆ ಆಧಾರ ಜನ ದಿನವೂ ಬಸ್ಸು–ಕಾರುಗಳಲ್ಲಿ ನಿಜಕ್ಕೂ ಮಾಡುತ್ತಿದ್ದ ಆಯ್ಕೆ. 1983ರಲ್ಲಿ ಜೋರ್ಡನ್ ಲೂವಿಯೇರ್ ಮತ್ತು ಜಾರ್ಜ್ ವುಡ್‌ವರ್ತ್ ಎಳೆಗಳನ್ನು ಒಂದುಗೂಡಿಸಿದರು. ವಿನ್ಯಾಸ ಮಾಡಿದ ಕಾರ್ಡುಗಳು, ಅವುಗಳಿಂದ ಒಂದು ಆಯ್ಕೆ, ಮೆಕ್‌ಫ್ಯಾಡನ್ ಸೂತ್ರ. ಆಯ್ಕೆ ಪ್ರಯೋಗ ಪೂರ್ಣರೂಪಕ್ಕೆ ಬಂತು.

ಅದರಿಂದ ಬೆಲೆ ಹೇಗೆ ಹೊರಬರುತ್ತದೆ ಎಂದು ನನ್ನಂಥ ಲೆಕ್ಕಿಗರು ಕೇಳುತ್ತಾರೆ. ಉದಾಹರಣೆಗೆ, ನೂರಾರು ಆಯ್ಕೆಗಳನ್ನು ಸೂತ್ರಕ್ಕೆ ಹಾಕಿದಾಗ ಸಾವಯವ ಪ್ರಮಾಣಪತ್ರದ ತೂಕ 0.6 ಬಂತು, ಒಂದು ಡಾಲರ್ ಬೆಲೆ ಏರಿದರೆ ಇಳಿಯುವ ತೂಕ 0.3 ಬಂತು ಎನ್ನೋಣ. 0.6ನ್ನು 0.3ರಿಂದ ಭಾಗಿಸಿದರೆ ಎರಡು. ಅಂದರೆ ಸಾವಯವಕ್ಕೆ ಜನ ಎರಡು ಡಾಲರ್ ಹೆಚ್ಚು ಕೊಡಲು ತಯಾರು. ಇದನ್ನು ಯಾರನ್ನೂ ಬಾಯಿಬಿಟ್ಟು ಕೇಳಲಿಲ್ಲ ಎಂಬುದೇ ಇದರ ಬಲ.

ಲೂವಿಯೇರ್ ಅಮೆರಿಕದವರು. ಆಮೇಲೆ ಆಸ್ಟ್ರೇಲಿಯಾಕ್ಕೆ ಬಂದು ಸಿಡ್ನಿಯಲ್ಲಿ ಪಾಠ ಹೇಳಿದರು, ಮುಂದೆ ದಕ್ಷಿಣ ಆಸ್ಟ್ರೇಲಿಯಾ ವಿಶ್ವವಿದ್ಯಾಲಯ ಸೇರಿದರು. ಹೀಗಾಗಿ ಈ ದೇಶ ಆಯ್ಕೆ ಪ್ರಯೋಗಗಳ ತವರುಗಳಲ್ಲಿ ಒಂದಾಯಿತು. ಅನ್ನದ ವಿಷಯಕ್ಕೆ ಅದು ಬಹಳ ಬೇಗ ಬಂತು. ಇರುವ ಪಟ್ಟಿಯಲ್ಲಿ ಅತಿ ಮುಖ್ಯ ಯಾವುದು, ಅತಿ ಕಡಿಮೆ ಮುಖ್ಯ ಯಾವುದು ಎಂದು ಎರಡನ್ನೇ ಆರಿಸುವ ಇನ್ನೊಂದು ವಿಧಾನವನ್ನು ಆಡಮ್ ಫಿನ್ ಜೊತೆ ಲೂವಿಯೇರ್ 1992ರಲ್ಲಿ ಪ್ರಕಟಿಸಿದಾಗ, ಎತ್ತಿಕೊಂಡ ವಿಷಯವೇ ಆಹಾರದ ಸುರಕ್ಷತೆ. 2003ರಲ್ಲಿ ನಮ್ಮ ಪರ್ತ್‌ನ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಮೈಕೆಲ್ ಬರ್ಟನ್ ಮತ್ತು ಸಹೋದ್ಯೋಗಿ ಕುಲಾಂತರಿ ಆಹಾರದ ಬಗ್ಗೆ ಇಂಥ ಪ್ರಯೋಗವನ್ನು ಪ್ರಕಟಿಸಿದರು. ಕುಲಾಂತರಿಯನ್ನು ಕೊಳ್ಳಬೇಕಾದರೆ ಜನ ರಿಯಾಯಿತಿ ಬಯಸುತ್ತಾರೆ. ಎಷ್ಟು ಎಂಬುದು ಸೇರಿಸಿದ ವಂಶವಾಹಿ ಯಾವ ಬಗೆಯದು ಎಂಬುದರ ಮೇಲೆ, ಉತ್ತರಿಸುವವರು ಯಾರು ಎಂಬುದರ ಮೇಲೆ ನಿಂತಿದೆ ಎಂದು ಅದು ತೋರಿಸಿತು. ಬೇಕು–ಬೇಡ ಎಂಬ ಕೂಗಾಟದ ವಿಷಯ, 'ಯಾರಿಗೆ ಎಷ್ಟು' ಎಂಬ ಲೆಕ್ಕವಾಯಿತು.

ಅಡಿಲೇಡಿನ ವೈನ್ ಸಂಶೋಧಕರದ್ದು ನನಗೆ ಹೆಚ್ಚು ನಾಟಿದ ಕೆಲಸ. ಸಿಮೋನ್ ಮ್ಯುಲರ್ ಮತ್ತು ಲ್ಯಾರಿ ಲಾಕ್‌ಶಿನ್ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎರಡು ರೀತಿ ಕೇಳಿದರು. ಒಂದು, ಬಾಟಲಿಯ ಚೀಟಿ, ಆಕಾರ ನಿಮಗೆ ಎಷ್ಟು ಮುಖ್ಯ ಎಂದು ನೇರ ಪ್ರಶ್ನೆ. ಇನ್ನೊಂದು, ಬಾಟಲಿಗಳ ಚಿತ್ರ ತೋರಿಸಿ ಆಯ್ಕೆ. ನೇರವಾಗಿ ಕೇಳಿದಾಗ ಹೊರನೋಟಕ್ಕೆ ಅಷ್ಟೇನೂ ಮಹತ್ವ ಕೊಡದ ಜನ, ಚಿತ್ರ ನೋಡಿ ಆರಿಸುವಾಗ ಅದಕ್ಕೇ ಮಣಿದಿದ್ದರು. ಬಾಯಿ ಒಂದು ಹೇಳಿತು, ಕೈ ಇನ್ನೊಂದು ಆರಿಸಿತು. ಇದನ್ನು ಓದಿದ ರಾತ್ರಿ ನನಗೆ ನಮ್ಮ ಫೋನ್ ಕರೆಗಳ ಪಟ್ಟಿ ನೆನಪಾಗಿ ನಿದ್ದೆ ಬರಲಿಲ್ಲ.

ಹಾಗೆಂದು ಕಾರ್ಡುಗಳೂ ದೇವರ ವಾಕ್ಯವಲ್ಲ. ಕಾರ್ಡಿನ ಮೇಲಿನ ಎಂಟು ಡಾಲರ್ ಜೇಬಿನಿಂದ ಹೋಗುವುದಿಲ್ಲ. ಜೇಸನ್ ಲಸ್ಕ್ ಮತ್ತು ಟೆಡ್ ಶ್ರೋಡರ್ 2004ರಲ್ಲಿ ದನದ ಮಾಂಸದ ತುಂಡುಗಳನ್ನಿಟ್ಟು ಪರೀಕ್ಷಿಸಿದರು: ಕೆಲವರದ್ದು ಬರೀ ಕಾಗದದ ಆಯ್ಕೆ, ಕೆಲವರು ಆರಿಸಿದ್ದನ್ನು ದುಡ್ಡು ಕೊಟ್ಟು ಒಯ್ಯಬೇಕು. ಕಾಗದದ ಮೇಲೆ 'ಕೊಳ್ಳುತ್ತೇನೆ' ಎಂದವರು ಹೆಚ್ಚಾಗಿದ್ದರು. ಆದರೆ ಒಂದು ದರ್ಜೆಗಿಂತ ಇನ್ನೊಂದಕ್ಕೆ ಎಷ್ಟು ಹೆಚ್ಚು ಕೊಡುತ್ತಾರೆ ಎಂಬುದರಲ್ಲಿ ಎರಡು ಗುಂಪಿಗೂ ಅಷ್ಟು ವ್ಯತ್ಯಾಸ ಇರಲಿಲ್ಲ. ಅಂದರೆ ಯಾವುದು ಮೇಲು, ಎಷ್ಟು ಮೇಲು ಎಂಬುದನ್ನು ಕಾರ್ಡು ನಂಬಿಕಸ್ತವಾಗಿ ಹೇಳುತ್ತದೆ. ನಿಜವಾಗಿ ಎಷ್ಟು ಮಾರಾಟವಾಗುತ್ತದೆ ಎಂದು ಕೇಳಿದರೆ ಉಬ್ಬಿಸಿ ಹೇಳುತ್ತದೆ.

ಇನ್ನೊಂದು ಮಿತಿ ನಮ್ಮ ನಾಡಿನಲ್ಲೇ ಕಾಣುತ್ತದೆ. ಬಿ.ಟಿ. ಬದನೆಯ ಬಗ್ಗೆ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು. ಬೆಂಗಳೂರಿನ ಸಭೆಯೂ ಅದರಲ್ಲಿತ್ತು. 2010ರ ಫೆಬ್ರವರಿ 9ರಂದು ತಡೆ ಘೋಷಿಸಿದರು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಬಿ.ಟಿ.ಗೆ ಎತ್ತಿಕೊಂಡಿದ್ದ ತಳಿಗಳಲ್ಲಿ ಉಡುಪಿಯದ್ದೂ ಇತ್ತು. ಮರುವರ್ಷ, 2011ರಲ್ಲಿ, ಮಟ್ಟು ಗುಳ್ಳಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅಗ್ಗವಾದರೆ ಬಿ.ಟಿ. ಬದನೆ ಕೊಳ್ಳುತ್ತೀರಾ ಎಂದು ಕಾರ್ಡಿನಲ್ಲಿ ಕೇಳಿ ಬೆಲೆ ಕಟ್ಟಬಹುದು. ಬೀಜ ಯಾರದು, ಊರಿನ ತಳಿಯ ಮೇಲೆ ಹಕ್ಕು ಯಾರದು ಎಂಬ ಪ್ರಶ್ನೆಗೆ ಕಾರ್ಡಿನಲ್ಲಿ ಜಾಗವಿಲ್ಲ. ಕಾರ್ಡು ಬರೆದವರಿಗೆ ಹೊಳೆಯದ ಗುಣಕ್ಕೆ ತೂಕವೂ ಇಲ್ಲ, ಬೆಲೆಯೂ ಇಲ್ಲ.

ಇದನ್ನು ನನಗೆ ಮನದಟ್ಟು ಮಾಡಿಸಿದ್ದು ಗೆಳೆಯನ ಹೆಂಡತಿ. ಇಷ್ಟೆಲ್ಲ ಓದಿಕೊಂಡು, ನಮ್ಮ ಪ್ರಶ್ನೆ ಎಲ್ಲಿ ತಪ್ಪಿತ್ತು ಎಂದು ಒಂದು ಸಂಜೆ ಅವರ ಮನೆಯಲ್ಲಿ ವಿವರಿಸುತ್ತಿದ್ದೆ. ಹೋಲಿಕೆಗೆ ಇನ್ನೊಂದು ಹಿಟ್ಟು ಇರಲಿಲ್ಲ, ಕೇಳಿದವನು ಸ್ನೇಹಿತ, ಬೇಡ ಎನ್ನಲು ದಾರಿ ಇರಲಿಲ್ಲ. ಆಕೆ ಕೇಳಿಸಿಕೊಂಡು ಹೇಳಿದರು: "ಅಣ್ಣ, ನೀವು ಫೋನ್ ಮಾಡಿದ್ದೆಲ್ಲ ಗಂಡಸರಿಗೆ. ಕೆಲಸ ಮುಗಿಸಿ ಬಂದು ಮುದ್ದೆ ತಿರುವೋರು ಯಾರು ಅಂತ ಒಂದು ಮಾತು ಕೇಳಿದ್ರಾ?" ನನ್ನ ನಾಲ್ಕು ಗುಣಗಳ ಪಟ್ಟಿಯಲ್ಲಿ 'ತಿರುವುವ ಶ್ರಮ' ಎಂಬುದು ಇರಲೇ ಇಲ್ಲ. ಒಳ್ಳೆಯ ಪ್ರಯೋಗ ಮಾಡುವವರು ಕಾರ್ಡು ಬರೆಯುವ ಮೊದಲು ಜನರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಗಂಟೆಗಟ್ಟಲೆ ಮಾತಾಡಿಸುವುದು ಇದಕ್ಕೇ ಎಂದು ಆಗ ಅರ್ಥವಾಯಿತು.

ಮುಂದಿನ ವರ್ಷ ಗೆಳೆಯನಿಗೆ ಮತ್ತೆ ಆಸೆ ಬಂತು. ಈ ಸಲ ರಾಗಿ ಹುರಿಹಿಟ್ಟು. ಹಾಲು, ಬೆಲ್ಲ ಕಲಸಿದರೆ ಆಯಿತು, ತಿರುವುವ ಕೆಲಸವಿಲ್ಲ. ಸಾಲದ ಮಾತು ಎತ್ತುವ ಮೊದಲು, ಅವನ ಮನೆಯ ಮೇಜಿನ ಮೇಲೆ ಪೊಟ್ಟಣಗಳನ್ನು ಎರಡೆರಡಾಗಿ ಇಟ್ಟೆವು. ಅವನನ್ನು ಒಳಗೆ ಕಳಿಸಿದೆ, ಎದುರಿಗಿದ್ದರೆ ದಾಕ್ಷಿಣ್ಯ. ಬಂದ ಹೆಂಗಸರ ಕೈಗೆ ಇಪ್ಪತ್ತು ಡಾಲರ್ ಕೊಟ್ಟು, ಇದು ನಿಮ್ಮ ದುಡ್ಡು, ಇದು ಬೇಕೋ, ಅದು ಬೇಕೋ, ಯಾವುದೂ ಬೇಡವೋ. ಬೇಕೆಂದದ್ದಕ್ಕೆ ಇದರಲ್ಲೇ ಬೆಲೆ ಕೊಡಬೇಕು ಎಂದೆ. ಬಂದವರು ಕಡಿಮೆ, ಯಾವ ಪತ್ರಿಕೆಯೂ ಒಪ್ಪುವ ಪ್ರಯೋಗವಲ್ಲ. ಆದರೂ ಹೆಚ್ಚಿನವರು 'ಯಾವುದೂ ಬೇಡ' ಎಂದು, ನಕ್ಕು, ದುಡ್ಡು ಪರ್ಸಿಗೆ ಹಾಕಿಕೊಂಡು ಹೋದರು.

ಗೆಳೆಯ ಒಳಗಿನಿಂದ ಬಂದು ಪಟ್ಟಿ ನೋಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಅವತ್ತೇ ಮಾಡಿದ್ರೆ ಮನೆ ಸಾಲ ಇರ್ತಿರಲಿಲ್ಲ ಕಣೋ" ಎಂದ. ಹೌದು ಎಂದೆ. ಬೇರೆ ಏನು ಹೇಳಲಿ? ಆ ಸಾಲದ ಕಂತು ಇನ್ನೂ ನಾಲ್ಕು ವರ್ಷವಿದೆ. ಎರಡನೆಯ ಸಾಲ ಮಾತ್ರ ಹುಟ್ಟಲಿಲ್ಲ.

ಈಗ ಯಾರಾದರೂ ವ್ಯಾಪಾರದ ಯೋಚನೆ ಹಿಡಿದು ನನ್ನ ಬಳಿ ಬಂದರೆ, ಎಷ್ಟು ಜನ 'ಹೌದು' ಎಂದರು ಎಂದು ಕೇಳುವುದಿಲ್ಲ. 'ಬೇಡ' ಎನ್ನಲು ಅವರಿಗೆ ಎಷ್ಟು ಸುಲಭವಾಗಿತ್ತು ಎಂದು ಕೇಳುತ್ತೇನೆ.